ತಟ್ಟೆಯಂಚಿನ ಬೀನ್ಸ್ ತುಂಡು

ಮಗನ ಎಡಗೆನ್ನೆ ಉಬ್ಬಿಕೊಂಡಿತ್ತು. ಗಂಟೆ ರಾತ್ರಿ ಒಂಬತ್ತೂಕಾಲು. ಊಟಕ್ಕೆ ಕೂರಿಸಿದ್ದು ಎಂಟಕ್ಕೆ. ಆ ತುತ್ತು ಬಾಯಿಗೆ ಹೋಗಿ ಹತ್ತು ನಿಮಿಷ ದಾಟಿತ್ತು, ಅಗಿಯುತ್ತಲೂ ಇಲ್ಲ, ನುಂಗುತ್ತಲೂ ಇಲ್ಲ, ಕಣ್ಣು ಮಾತ್ರ ಮೊಬೈಲಿನ ಮೇಲೆ. ಪಕ್ಕದಲ್ಲೇ ಎರಡನೇ ತರಗತಿಯ ಮಗಳು ಪಾಠದ ಪುಸ್ತಕ ಬಿಡಿಸಿಕೊಂಡು ಒಂದೇ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದಳು. ನಾನು ತಟ್ಟೆ ಹಿಡಿದುಕೊಂಡು ಅವನಿಗೆ "ನುಂಗು", ಇವಳಿಗೆ "ಓದು" ಅನ್ನುತ್ತಲೇ ಇದ್ದೆ. ಕೊನೆಗೆ ದನಿ ಏರಿತು. ಇಬ್ಬರೂ ಒಟ್ಟಿಗೆ ಅತ್ತರು.

ಅದಾಗಿ ಎರಡು ವರ್ಷ. ಆಗ ಮಗನಿಗೆ ಮೂರೂವರೆ, ಮಗಳಿಗೆ ಏಳು. ಮಕ್ಕಳು ಮಲಗಿದ ಮೇಲೆ ಪಾತ್ರೆ ತೊಳೆಯುತ್ತಾ ನಿಂತಾಗ ನನಗೂ ಅಳು ಬಂತು. ಊಟವೂ ಓದೂ ನಮ್ಮ ಮನೆಯಲ್ಲಿ ಶಿಕ್ಷೆಯಾಗಿಬಿಟ್ಟಿದ್ದವು. ಈಗ ಹಾಗಿಲ್ಲ. ಏನೇನು ಬದಲಾಯಿಸಿದೆವು, ಯಾವುದು ಫಲ ಕೊಟ್ಟಿತು ಎಂದು ಬರೆದಿಡುತ್ತಿದ್ದೇನೆ. ಇದೇ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಇನ್ನೊಬ್ಬ ತಾಯಿ ತಟ್ಟೆ ಹಿಡಿದು ನಿಂತಿರುತ್ತಾಳೆ ಅನ್ನುವುದು ನನಗೆ ಗೊತ್ತು.

ನಿಧಾನವಾಗಿ ತಿಳಿದದ್ದು ಇಷ್ಟು: ಮಕ್ಕಳ ಪಾಲಿನ ಕೆಲಸವನ್ನು ನಾನು ಮೈಮೇಲೆ ಎಳೆದುಕೊಂಡಿದ್ದೆ, ನನ್ನ ಪಾಲಿನ ಕೆಲಸ ಅರ್ಧಂಬರ್ಧ ಆಗುತ್ತಿತ್ತು. ನುಂಗಬೇಕಾದ್ದು ಮಗುವಿನ ಗಂಟಲು, ಓದಿದ್ದನ್ನು ಹಿಡಿದಿಡಬೇಕಾದ್ದು ಮಗುವಿನ ತಲೆ. ಅಲ್ಲಿಗೆ ನನ್ನ ಕೈ ಎಟುಕುವುದಿಲ್ಲ. ಯಾವ ಹೊತ್ತಿಗೆ ಊಟ, ಎಲ್ಲಿ ಕೂರಬೇಕು, ಏನು ಬಡಿಸಬೇಕು, ಓದಿಗೆ ಎಷ್ಟು ಹೊತ್ತು, ಆಗ ಮನೆ ಎಷ್ಟು ಶಾಂತವಾಗಿರಬೇಕು, ಇದೆಲ್ಲ ನನ್ನ ಕೈಯಲ್ಲಿತ್ತು. ಅದನ್ನೇ ಬಿಟ್ಟುಕೊಟ್ಟಿದ್ದೆ.

ಮೊದಲು ಹಾಲಿನ ವಿಷಯ, ಏಕೆಂದರೆ ನಮ್ಮ ಗಂಟು ಬಿಚ್ಚಿದ್ದು ಅಲ್ಲಿಂದ. ಮಗ ಅಕ್ಕನ ಬಳಪದ ಚೂರುಗಳನ್ನು ಕದ್ದು ತಿನ್ನುತ್ತಿದ್ದ. ತುಂಟತನ ಅಂದುಕೊಂಡು ಗದರಿಸುತ್ತಿದ್ದೆ. ಲಸಿಕೆಗೆಂದು ಹೋದಾಗ ಮಾತಿನ ನಡುವೆ ಅದನ್ನು ಹೇಳಿದೆ. ಮಕ್ಕಳ ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ದಿನಕ್ಕೆ ಎಷ್ಟು ಹಾಲು ಕುಡಿತಾನೆ?" ಅಂತ ಕೇಳಿದರು. ಲೆಕ್ಕ ಹಾಕಿದೆ. ಎದ್ದಕೂಡಲೇ ಒಂದು ಲೋಟ, ಮಧ್ಯಾಹ್ನ ಊಟ ಬಿಟ್ಟನೆಂದು ಒಂದು, ಸಂಜೆ ಒಂದು, ರಾತ್ರಿ ಹೊಟ್ಟೆಗೇನೂ ಇಲ್ಲವಲ್ಲ ಎಂದು ಇನ್ನೊಂದು. ಒಟ್ಟು 900 ಮಿ.ಲೀ. ಹತ್ತಿರ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.6 ಬಂತು. ಆ ವಯಸ್ಸಿಗೆ ಕನಿಷ್ಠ 11 ಇರಬೇಕು.

ಹಾಲು ಒಳ್ಳೆಯದೇ, ಆದರೆ ಅದರಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿಸಿ ಬೇರೆ ಊಟಕ್ಕೆ ಜಾಗ ಬಿಡುವುದಿಲ್ಲ, ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನೂ ತಗ್ಗಿಸುತ್ತದೆ. ಕಬ್ಬಿಣ ಕಡಿಮೆಯಾದರೆ ಹಸಿವೇ ಕುಗ್ಗುತ್ತದೆ, ಮಣ್ಣು, ಸುಣ್ಣ, ಬಳಪ ತಿನ್ನುವ ಆಸೆ ಹುಟ್ಟಬಹುದು, ಗಮನವಿಟ್ಟು ಕಲಿಯುವ ಶಕ್ತಿಗೂ ಪೆಟ್ಟು ಬೀಳುತ್ತದೆ. ಊಟ ಮಾಡುವುದಿಲ್ಲ ಎಂದು ಹಾಲು ಕೊಡುತ್ತಿದ್ದೆ, ಹಾಲು ಕುಡಿದನೆಂದೇ ಅವನಿಗೆ ಊಟ ಸೇರುತ್ತಿರಲಿಲ್ಲ. ಡಾಕ್ಟರು ಹಾಲನ್ನು ದಿನಕ್ಕೆ ಸುಮಾರು 500 ಮಿ.ಲೀ. ಒಳಗೆ ಇಡಿ, ಅದೂ ಊಟಕ್ಕೆ ತಾಗಿಕೊಂಡು ಬೇಡ ಎಂದರು. ಕಬ್ಬಿಣದ ಹನಿಗಳನ್ನು ಬರೆದುಕೊಟ್ಟರು. ಆ ಔಷಧಿಯನ್ನು ಮಾತ್ರ ಯಾರೂ ತಾವಾಗಿ ಶುರುಮಾಡಬೇಡಿ, ಅಳತೆ ಮೀರಿದರೆ ಪುಟ್ಟ ಮಕ್ಕಳಿಗೆ ಅಪಾಯ. ಬಾಟಲಿಯೂ ಕೈಗೆ ಸಿಗದ ಕಡೆ ಇರಲಿ.

ಅದೇ ದಿನ ಅವರು ತೂಕದ ನಕ್ಷೆ ತೋರಿಸಿ ಹೇಳಿದ ಮಾತು ನನ್ನೊಳಗಿನ ಅರ್ಧ ಭಯ ಕಳೆಯಿತು. ಮಗು ಮೊದಲ ವರ್ಷದಲ್ಲಿ ಹುಟ್ಟಿದ ತೂಕದ ಸುಮಾರು ಮೂರರಷ್ಟಾಗುತ್ತದೆ. 3 ಕೆ.ಜಿ. ಇದ್ದದ್ದು 9 ಕೆ.ಜಿ. ಎರಡು ವರ್ಷ ದಾಟಿದ ಮೇಲೆ ಇಡೀ ವರ್ಷಕ್ಕೆ ಏರುವುದು ಎರಡು ಕೆ.ಜಿ. ಆಸುಪಾಸು. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗಲೇಬೇಕಲ್ಲ? ಹತ್ತು ತಿಂಗಳಲ್ಲಿ ಗಬಗಬ ತಿನ್ನುತ್ತಿದ್ದ ಕೂಸು ಎರಡೂವರೆಗೆ ತಟ್ಟೆ ದೂಡಿದರೆ ಅದು ರೋಗವೇ ಆಗಬೇಕಿಲ್ಲ. ಎರಡರಿಂದ ಆರು ವರ್ಷದ ನಡುವೆ ಹೊಸ ರುಚಿ ಕಂಡರೆ ಹೆದರುವುದೂ ಆ ವಯಸ್ಸಿನ ಗುಣ.

ಈ ನಕ್ಷೆಯನ್ನು ಮನೆಗೆ ತಂದು ಅತ್ತೆಗೆ ತೋರಿಸಿದೆ. ಅವರಿಗೆ ಮೊಮ್ಮಗ ಸಣಕಲಾಗಿದ್ದಾನೆ ಎಂಬ ಸಂಕಟ. "ಇನ್ನೊಂದೇ ತುತ್ತು ಕಣೋ ರಾಜ" ಅಂತ ಹಿಂದೆ ಹಿಂದೆ ಓಡುತ್ತಿದ್ದರು. ನಕ್ಷೆಯಲ್ಲಿ ಅವನ ಚುಕ್ಕೆಗಳು ಕೆಳಗಿನ ಗೆರೆಯ ಮೇಲೆ ಇದ್ದವು ನಿಜ, ಆದರೆ ಒಂದೂವರೆ ವರ್ಷದಿಂದ ಅದೇ ಗೆರೆ ಹಿಡಿದು ಮೇಲೇರಿದ್ದವು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಚುಕ್ಕೆಯ ಮೇಲೆ ಬೆರಳಿಟ್ಟು ನೋಡಿದರು. "ಹಾಗಾದ್ರೆ ಇವನು ಬೆಳೀತಾನೇ ಇದಾನಲ್ಲಮ್ಮ" ಅಂದರು. ಮುಂದೆ ನನಗೆ ಎಲ್ಲರಿಗಿಂತ ಹೆಚ್ಚು ಆಸರೆಯಾದದ್ದು ಅವರೇ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಒಂದು ಪಾಲುಪಟ್ಟಿಯನ್ನು ಡಾಕ್ಟರು ನನಗೆ ವಿವರಿಸಿದ್ದರು. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನ ಪಾಲು. ಕೇಳಿದಾಗ ಇದೆಂಥ ಮಾತು, ಬಿಟ್ಟರೆ ಉಪವಾಸವೇ ಗತಿ ಅನ್ನಿಸಿತ್ತು. ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ ಮಾಡಿದ ಕೆಲಸದ ಬಗ್ಗೆ ಓದಿದ ಮೇಲೆ ಧೈರ್ಯ ಬಂತು. ಹಾಲು ಬಿಡಿಸುವ ವಯಸ್ಸಿನ ಹದಿನೈದು ಮಕ್ಕಳ ಮುಂದೆ 34 ಬಗೆಯ ಸಾದಾ ಪದಾರ್ಥಗಳನ್ನು ಇಟ್ಟು, ಬೇಕಾದ್ದನ್ನು ಬೇಕಾದಷ್ಟು ತಿನ್ನಲು ಬಿಟ್ಟು, ಅದರ ವಿವರಗಳನ್ನು ಆಕೆ 1928ರಿಂದ 1939ರವರೆಗೆ ಪ್ರಕಟಿಸಿದರು. ಒಂದೊಂದು ಹೊತ್ತಿನ ಊಟ ನೋಡಿದರೆ ತಲೆಬುಡ ಇಲ್ಲ, ಆದರೆ ಮಕ್ಕಳು ಚೆನ್ನಾಗಿ ಬೆಳೆದರು. ಇಲ್ಲಿ ಮರೆಯಬಾರದ ಮಾತೆಂದರೆ ಇಟ್ಟದ್ದೆಲ್ಲ ಒಳ್ಳೆಯ ಪದಾರ್ಥವೇ. ಸಿಹಿತಿಂಡಿ, ಪೊಟ್ಟಣದ ಕುರುಕಲು ಆ ಮೇಜಿನ ಮೇಲೆ ಇರಲಿಲ್ಲ. ಏನು ಇಡಬೇಕು ಅನ್ನುವ ದೊಡ್ಡವರ ಪಾಲು ಸರಿಯಾಗಿ ನಡೆದಿತ್ತು.

ನಮ್ಮಲ್ಲಿ ಶುರುಮಾಡಿದ್ದು ಮೊಬೈಲ್ ತೆಗೆಯುವುದರಿಂದ. ರಾತ್ರಿ ಊಟ ಏಳಕ್ಕೆ ಬಂತು. ಅರ್ಧ ಗಂಟೆ ಆದರೆ ತಟ್ಟೆ ಎತ್ತುವುದು, ಕೋಪವಿಲ್ಲ, ಬೈಗುಳವಿಲ್ಲ. ಮುಂದಿನ ಹೊತ್ತಿನವರೆಗೆ ನೀರು ಬಿಟ್ಟು ಬಿಸ್ಕತ್ತು, ಹಾಲು ಏನೂ ಇಲ್ಲ. ಮೊದಲ ಮೂರು ರಾತ್ರಿ ಕಷ್ಟದವು. ಮೊದಲ ದಿನ ನಾಲ್ಕು ಚಮಚ ತಿಂದು, ಮೊಬೈಲಿಗಾಗಿ ಅತ್ತು, ಹಾಗೇ ಮಲಗಿದ. ಅವನು ನಿದ್ದೆ ಮಾಡಿದ, ನಾನು ಮಾಡಲಿಲ್ಲ. ನಡುರಾತ್ರಿ ಎರಡು ಸಲ ಎದ್ದು ಅವನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದೆ. ಬೆಳಗ್ಗೆ ನಾನು ಒಲೆ ಮುಂದೆ ನಿಂತಿದ್ದಾಗ ಸೆರಗು ಎಳೆದು "ಅಮ್ಮ, ತಿಂಡಿ ಆಯ್ತಾ?" ಅಂದ. ಹುಟ್ಟಿದ ಮೇಲೆ ಅವನಾಗಿಯೇ ಊಟ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಹಸಿವು ಹುಟ್ಟಲು ನಾನು ಬಿಟ್ಟೇ ಇರಲಿಲ್ಲ.

ತಟ್ಟೆಗೆ ಹಾಕುವ ಪ್ರಮಾಣವನ್ನೂ ಇಳಿಸಿದೆ. ಒಂದೊಂದು ಪದಾರ್ಥವೂ ಎರಡು ಮೂರು ಚಮಚ, ಮತ್ತೆ ಬೇಕೆಂದರೆ ಮತ್ತೆ. ರಾಶಿ ನೋಡಿಯೇ ಅವನಿಗೆ ಸಾಕಾಗುತ್ತಿತ್ತು ಅಂತ ಈಗ ಅರ್ಥವಾಗುತ್ತದೆ. ಅವನಿಗಾಗಿ ಬೇರೆ ಅಡುಗೆ ಮಾಡುವುದನ್ನು ನಿಲ್ಲಿಸಿದೆ, ಆದರೆ ಬಡಿಸಿದ್ದರಲ್ಲಿ ಅವನಿಗೆ ಒಗ್ಗುವ ಒಂದಾದರೂ ಇರುವ ಹಾಗೆ ನೋಡಿಕೊಂಡೆ. ಕಲಸಿದ್ದು, ಒದ್ದೆಯಾದದ್ದು ಕಂಡರೆ ಅವನಿಗೆ ವಾಕರಿಕೆ. ಅನ್ನ ಬೇರೆ, ತರಕಾರಿ ಬೇರೆ ಇಟ್ಟಕೂಡಲೇ ಅರ್ಧ ಜಗಳ ಮುಗಿಯಿತು.

ಬೀನ್ಸ್ ಕಥೆ ಸ್ವಲ್ಪ ಉದ್ದ. ಹೊಸ ತರಕಾರಿ ಮಕ್ಕಳಿಗೆ ಒಗ್ಗಲು ಹತ್ತು ಹದಿನೈದು ಸಲವಾದರೂ ಮುಂದೆ ಬರಬೇಕು ಅನ್ನುತ್ತಾರೆ. ಲಿಯಾನ್ ಬರ್ಚ್ ಎಂಬ ಮನಶ್ಶಾಸ್ತ್ರಜ್ಞೆ 1980ರ ದಶಕದಲ್ಲಿ ಎರಡು ವರ್ಷದ ಮಕ್ಕಳ ಜೊತೆ ಇದನ್ನು ಪರೀಕ್ಷಿಸಿ ನೋಡಿದ್ದರು, ಹೆಚ್ಚು ಸಲ ರುಚಿ ನೋಡಿದಷ್ಟೂ ಇಷ್ಟ ಬೆಳೆಯಿತು. ನಾನು ಎಷ್ಟು ಸಲ ಇಟ್ಟಿದ್ದೆ? ಎರಡೋ ಮೂರೋ ಸಲ ಇಟ್ಟು "ಇವನಿಗೆ ಬೀನ್ಸ್ ಆಗಲ್ಲ" ಎಂದು ತೀರ್ಮಾನಿಸಿದ್ದೆ. ಅದಕ್ಕೇ ಡೈರಿ ಇಟ್ಟೆ. ಉಗುರಿನಷ್ಟು ಒಂದೇ ತುಂಡು, ತಟ್ಟೆಯ ಅಂಚಿನಲ್ಲಿ. ತಿನ್ನು ಎನ್ನುವಂತಿಲ್ಲ. ಬೇಡವಾದರೆ ಬಿಡಬಹುದು. ಅಂದಿನ ಬರಹ ಈಗಲೂ ಇದೆ.

ಮೊದಲ ದಿನ: ಅತ್ತ. ನಾಲ್ಕನೇ ದಿನ: ಎತ್ತಿ ನನ್ನ ತಟ್ಟೆಗೆ ಹಾಕಿದ. ಆರು: ಮೂಸಿ ನೋಡಿದ. ಒಂಬತ್ತು: ನಾಲಗೆ ತುದಿ ತಾಗಿಸಿದ. ಹನ್ನೊಂದು: ತುಂಡನ್ನು ಸೀಳಿ, ಒಳಗಿನ ಬೀಜವನ್ನು ಬೆರಳ ತುದಿಯಲ್ಲಿ ಹಿಡಿದು ದೀಪಕ್ಕೆ ತೋರಿಸಿ, "ಪಾಪು ಬೀನ್ಸ್" ಅಂತ ಹೆಸರಿಟ್ಟು ಬಾಯಿಗೆ ಹಾಕಿಕೊಂಡ. ಹದಿನಾರು: ಅಗಿದು ಉಗುಳಿದ. ಅದಕ್ಕೆಂದೇ ಒಂದು ಕಾಗದ ಇಟ್ಟಿದ್ದೆ, ಉಗುಳಲು ದಾರಿ ಇದೆ ಎಂದು ಗೊತ್ತಿದ್ದರೆ ಬಾಯಿಗೆ ಹಾಕಲು ಧೈರ್ಯ ಬರುತ್ತದೆ. ಹತ್ತೊಂಬತ್ತು: ನುಂಗಿದ. ಇಪ್ಪತ್ತು: ಮತ್ತೆ ಬೇಡ. ಅಷ್ಟೂ ದಿನ ಅತ್ತೆ ಅವನ ಎದುರು ಕೂತು, ಏನೂ ಹೇಳದೆ, ತಮ್ಮ ಪಾಡಿಗೆ ತಾವು ಬೀನ್ಸ್ ತಿನ್ನುತ್ತಿದ್ದರು. ಅವನು ಓರೆಗಣ್ಣಿನಲ್ಲಿ ನೋಡುತ್ತಿದ್ದ.

ನನ್ನ ಗಂಡ ನಡುವೆ ಒಂದು ದಿನ "ಬೀನ್ಸ್ ತಿಂದರೆ ಚಾಕೊಲೇಟ್" ಅಂದರು. ಅವತ್ತು ತಿಂದ. ಮಾರನೇ ದಿನ ತುಂಡನ್ನು ನೋಡಿ "ಚಾಕೊಲೇಟ್ ಎಲ್ಲಿ?" ಅಂದ. ಅಲ್ಲಿಗೆ ಬೀನ್ಸ್ ಸಹಿಸಿಕೊಳ್ಳಬೇಕಾದ ವಸ್ತುವಾಯಿತು. ಬರ್ಚ್ ಅವರ ಇನ್ನೊಂದು ಪ್ರಯೋಗದಲ್ಲೂ ಹಾಗೇ ಆಗಿತ್ತು, ಬಹುಮಾನದ ಆಸೆಗೆ ಕುಡಿದ ಪಾನೀಯ ಆಮೇಲೆ ಮಕ್ಕಳಿಗೆ ಮೊದಲಿಗಿಂತ ಕಡಿಮೆ ಇಷ್ಟವಾಯಿತು. ಗಂಡನಿಗೆ ಹೇಳಿದೆ, ಅವರೂ ಒಪ್ಪಿದರು.

ಇನ್ನು ಮಗಳು.

ಊಟ ಏಳಕ್ಕೆ ಬಂದದ್ದರಿಂದ ಮೊದಲು ಲಾಭ ಆದದ್ದು ಅವಳಿಗೆ. ತಮ್ಮನ ಊಟ ಮುಗಿಯುವ ತನಕ ಇಡೀ ಮನೆ ಎಚ್ಚರವಿರುತ್ತಿತ್ತು, ಅವಳು ಮಲಗುವಾಗ ಹತ್ತೂವರೆ, ಏಳುವುದು ಆರೂವರೆಗೆ. ಎಂಟು ಗಂಟೆ ನಿದ್ದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ಗಂಟೆ ಬೇಕು. "ತರಗತಿಯಲ್ಲಿ ಗಮನ ಕೊಡುವುದಿಲ್ಲ" ಎಂದು ಶಾಲೆಯಿಂದ ಬಂದ ದೂರಿಗೆ ಉತ್ತರ ನಮ್ಮ ಊಟದ ಮೇಜಿನ ಮೇಲೇ ಇತ್ತು. ಎಂಟೂವರೆಗೆ ದೀಪ ಆರಿಸಲು ಶುರುಮಾಡಿದ ಮೂರನೇ ವಾರಕ್ಕೆ ಅವಳು ಬೆಳಗ್ಗೆ ತಾನಾಗಿ ಏಳುತ್ತಿದ್ದಳು.

ಆದರೆ ಓದು ನಿದ್ದೆಯಿಂದಷ್ಟೇ ಸರಿಹೋಗಲಿಲ್ಲ. ಒಂದು ಸಂಜೆ ಅವಳು ಪಾಠವನ್ನು ಗಡಗಡ ಓದಿದಳು. ಸಂತೋಷವಾಯಿತು. ಏನೋ ಅನುಮಾನ ಬಂದು ಚಿತ್ರದ ಮೇಲೆ ಕೈ ಮುಚ್ಚಿದೆ, ಅದೇ ಪಾಠದ ನಾಲ್ಕು ಪದಗಳನ್ನು ಬೇರೆ ಚೀಟಿಯಲ್ಲಿ ಬರೆದುಕೊಟ್ಟೆ. ಒಂದೂ ಬರಲಿಲ್ಲ. "ಮರ" ಇದ್ದದ್ದನ್ನು "ವರ" ಅಂದಳು, ನನ್ನ ಮುಖ ನೋಡಿದಳು, "ಸರ" ಅಂದಳು. ಪಾಠವೆಲ್ಲ ಬಾಯಿಪಾಠ. ಎರಡು ವರ್ಷದಿಂದ ಈ ಮಗು ಕೇಳಿಸಿಕೊಂಡದ್ದನ್ನು ನೆನಪಿಟ್ಟುಕೊಂಡು ಓದಿದಂತೆ ತೋರಿಸುತ್ತಾ ಬಂದಿತ್ತು. ಅದಕ್ಕೆ ಎಷ್ಟು ಕಷ್ಟಪಟ್ಟಿರಬೇಕು! "ಅಮ್ಮ, ಅಕ್ಷರ ನನಗೆ ಬೇಗ ಬೇಗ ಸಿಗಲ್ಲ" ಅಂದಳು. ಅವಳನ್ನು ಸೋಮಾರಿ ಅಂದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಂಡು, ತಪ್ಪಾಯಿತು ಎಂದು ಅವಳಿಗೆ ಹೇಳಿದೆ.

ಮೊದಲು ಕಣ್ಣು, ಕಿವಿ ತೋರಿಸಿದೆವು. ಇದನ್ನು ಯಾರೂ ಬಿಡಬೇಡಿ. ದೃಷ್ಟಿ ಮಂಜಾಗಿದ್ದರೆ, ನೆಗಡಿ ಕೂತು ಕಿವಿಯೊಳಗೆ ನೀರು ನಿಂತಿದ್ದರೆ ಮಕ್ಕಳಿಗೆ ಹೇಳಲು ಬರುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ, ಕೇಳುತ್ತದೆ ಅಂದುಕೊಂಡಿರುತ್ತವೆ. ಅವಳಿಗೆ ಎರಡೂ ಸರಿಯಿತ್ತು.

ಆಮೇಲೆ ಓದಿನ ತೊಂದರೆ ಇರುವ ಮಕ್ಕಳಿಗೆ ಕಲಿಸುವ ಒಬ್ಬ ಶಿಕ್ಷಕಿಯ ಹತ್ತಿರ ಹೋದೆವು. ಅವರು ಪುಸ್ತಕ ಮುಚ್ಚಿಸಿದರು. ಓದು ಕಣ್ಣಿನಿಂದ ಶುರುವಾಗುವುದಿಲ್ಲ, ಕಿವಿಯಿಂದ ಶುರುವಾಗುತ್ತದೆ, ಪದದೊಳಗಿನ ಸದ್ದುಗಳು ಬಿಡಿಬಿಡಿಯಾಗಿ ಕೇಳಿಸದ ಮಗುವಿಗೆ ಅಕ್ಷರ ಬರೀ ಗೀರು ಎಂದರು. ಹಾಗಾಗಿ ನಮ್ಮ ಮೊದಲ ತಿಂಗಳ ಓದು ಪೂರ್ತಿ ಬಾಯಲ್ಲೇ. ಬಟ್ಟೆ ಮಡಚುತ್ತಾ ಕೇಳುತ್ತಿದ್ದೆ: "ಮಳೆ"ಯ "ಮ" ತೆಗೆದು "ಬ" ಇಟ್ಟರೆ? "ಬಳೆ!" "ಕ" ಇಟ್ಟರೆ? "ಕಳೆ!" "ಹ"? "ಹಳೆ!" ತಮ್ಮನೂ ಸೇರಿಕೊಂಡು ಅರ್ಥವಿಲ್ಲದ ಪದಗಳನ್ನೆಲ್ಲ ಹುಟ್ಟಿಸಿದ. ಅದೂ ಒಳ್ಳೆಯದೇ, ಸದ್ದನ್ನು ಬಿಡಿಸಿ ಜೋಡಿಸಲು ಅರ್ಥ ಬೇಕಿಲ್ಲ.

ಅಕ್ಷರಕ್ಕೆ ಬಂದಾಗ ಒಂದು ವಾರಕ್ಕೆ ಮೂರೇ. "ಮ" ಮತ್ತು "ವ"ದಂಥ ಒಂದೇ ಮುಖದವನ್ನು ಒಟ್ಟಿಗೆ ಕಲಿಸಲಿಲ್ಲ, ಒಂದು ಗಟ್ಟಿಯಾಗಿ ಕೂತ ಮೇಲೆ ಇನ್ನೊಂದು. ಕನ್ನಡದ ವರ್ಣಮಾಲೆ 49 ಅಕ್ಷರಕ್ಕೆ ಮುಗಿಯುವುದಿಲ್ಲವಲ್ಲ, ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಒಂದನೇ ತರಗತಿಯಲ್ಲೇ ಎಲ್ಲ ಬಂದುಬಿಡಬೇಕು ಎಂಬ ನಮ್ಮ ಆತುರ ನ್ಯಾಯವಲ್ಲ. ಇಂಥ ಬರಹದ ಭಾಷೆಗಳಲ್ಲಿ ಅಕ್ಷರ ಕಲಿಕೆ ಮೂರು ನಾಲ್ಕನೇ ತರಗತಿಯವರೆಗೂ ಸಾಗುವುದು ಸಹಜ.

ಹೊತ್ತು ಎಷ್ಟು? ಎಂಟು ನಿಮಿಷ. ಮೊದಲು ದಿನಾ ಒಂದೂವರೆ ಗಂಟೆ ಕೂರಿಸುತ್ತಿದ್ದೆ. ಅದರ ಬದಲು ಶಾಲೆಯಿಂದ ಬಂದು ಏನಾದರೂ ತಿಂದು ಆಡಿದ ಮೇಲೆ ಎಂಟು ನಿಮಿಷ, ಮಲಗುವ ಮುಂಚೆ ಎಂಟು ನಿಮಿಷ. ಗಡಿಯಾರ ಸದ್ದು ಮಾಡಿತೆಂದರೆ ಪದದ ನಡುವೆ ಇದ್ದರೂ ನಿಲ್ಲಿಸುವುದು. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಒಂದೇ ಸಲ ಉರುಹೊಡೆಯುವುದಕ್ಕಿಂತ ದಿನಗಳಿಗೆ ಹಂಚಿ ಕಲಿತದ್ದು ಕಡಿಮೆ ಶ್ರಮದಲ್ಲಿ ಉಳಿಯುತ್ತದೆ ಎಂದು 1885ರಲ್ಲೇ ತೋರಿಸಿದ್ದರು. ನನಗೆ ಇದು ನಂಬಿಕೆಯಾದದ್ದು ಮಗಳ ಭುಜ ನೋಡಿ. ಒಂದೂವರೆ ಗಂಟೆಯ ದಿನಗಳಲ್ಲಿ ಪುಸ್ತಕ ತೆಗೆದಕೂಡಲೇ ಅವಳ ಭುಜ ಕಿವಿಯ ತನಕ ಏರುತ್ತಿತ್ತು. ಎಂಟು ನಿಮಿಷಕ್ಕೆ ಅದು ಏರಲಿಲ್ಲ.

ನಿನ್ನೆ ಕಲಿತದ್ದನ್ನು ಮತ್ತೆ ತೋರಿಸುವ ಬದಲು ಮೊದಲು ಕೇಳುತ್ತೇನೆ. ನೆನಪಿನಿಂದ ಹೆಕ್ಕಿ ತೆಗೆದದ್ದು ಗಟ್ಟಿಯಾಗುತ್ತದೆ. ಬರದಿದ್ದರೆ ಐದು ಎಣಿಸುವಷ್ಟು ಕಾದು ನಾನೇ ಹೇಳಿಬಿಡುತ್ತೇನೆ, ಒದ್ದಾಡಲು ಬಿಡುವುದಿಲ್ಲ. "ಜಾಣೆ" ಅನ್ನುವುದನ್ನು ಕಡಿಮೆ ಮಾಡಿದೆ. "ಆ ಒತ್ತಕ್ಷರ ಎರಡನೇ ಸಲ ನೋಡಿ ನೀನೇ ತಿದ್ದಿಕೊಂಡೆ" ಅಂದರೆ ಅವಳ ಮುಖ ಅರಳುತ್ತದೆ, ಅದು ನಿಜವಾದ ಮಾತು ಎಂದು ಅವಳಿಗೂ ಗೊತ್ತು. ಲೆಕ್ಕಕ್ಕೆ ಹೆಚ್ಚೇನೂ ಮಾಡಲಿಲ್ಲ, ಬೆರಳು ಎಣಿಸಬೇಡ ಅನ್ನುವುದನ್ನು ಬಿಟ್ಟೆ, ಒಂದು ಡಬ್ಬಿ ಗುಂಡಿ ಕೊಟ್ಟೆ. ಎಂಟಕ್ಕೆ ಐದು ಕೂಡಿಸುವಾಗ ಐದರಿಂದ ಎರಡು ಗುಂಡಿ ಈಚೆ ತಂದು ಹತ್ತು ಮಾಡಿ, ಉಳಿದ ಮೂರು ಸೇರಿಸುವುದನ್ನು ಅವಳೇ ಕಂಡುಕೊಂಡಳು.

ಕಾಯಬಾರದ ಸಂದರ್ಭಗಳೂ ಇವೆ. ತೂಕ ಇಳಿಯುತ್ತಿದ್ದರೆ ಅಥವಾ ತಿಂಗಳುಗಟ್ಟಲೆ ನಿಂತೇ ಇದ್ದರೆ, ನುಂಗುವಾಗ ಕೆಮ್ಮು ಉಸಿರುಗಟ್ಟುವುದು ಇದ್ದರೆ, ಪದೇ ಪದೇ ವಾಂತಿಯಾಗುತ್ತಿದ್ದರೆ, ತಿನ್ನುತ್ತಿದ್ದ ಪದಾರ್ಥಗಳೇ ಒಂದೊಂದಾಗಿ ಕಡಿಮೆಯಾಗುತ್ತಿದ್ದರೆ ಮನೆಯ ಉಪಾಯ ಸಾಲದು. ಮಲಬದ್ಧತೆಯೂ ಹಸಿವು ಕೊಲ್ಲುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ. ಹಾಗೆಯೇ ಓದಿನಲ್ಲಿ, ಒಳ್ಳೆಯ ಅಭ್ಯಾಸ ಸಿಕ್ಕಿಯೂ ಮಗು ಜೊತೆಯವರಿಗಿಂತ ತುಂಬಾ ಹಿಂದೆಯೇ ಇದ್ದರೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ, ಪದ ಓದುವುದೇ ಕಷ್ಟವಾಗುವ ತೊಂದರೆ, ಇದೆಯೇ ಎಂದು ಪರೀಕ್ಷೆ ಮಾಡಿಸಿ. ಅದಕ್ಕೂ ಬುದ್ಧಿವಂತಿಕೆಗೂ ಸಂಬಂಧವಿಲ್ಲ. "ದೊಡ್ಡವಳಾದ ಮೇಲೆ ತಾನಾಗಿ ಸರಿಹೋಗುತ್ತೆ" ಎಂದು ಕೇಳಿಕೊಂಡು ನಾನು ಒಂದು ವರ್ಷ ಕಳೆದೆ. ಒಂದು ವರ್ಷ ಮೊದಲೇ ತೋರಿಸಲು ಹೋಗಿದ್ದರೆ ಅವಳಿಗೆ ಅಷ್ಟು ಅಳು ತಪ್ಪುತ್ತಿತ್ತು.

ಮಗಳಿಗೆ ಈಗ ಒಂಬತ್ತು. ಓದು ನಿಧಾನ, ಆದರೆ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಓದುತ್ತಾಳೆ, ಚಿತ್ರ ಬೇಕಿಲ್ಲ. ಕಾಗುಣಿತದಲ್ಲಿ ದೀರ್ಘ ಇನ್ನೂ ತಪ್ಪುತ್ತದೆ. ಮಗನ ಹಿಮೋಗ್ಲೋಬಿನ್ ನಾಲ್ಕು ತಿಂಗಳಲ್ಲಿ 11.4ಕ್ಕೆ ಬಂದಿತ್ತು, ಬಳಪದ ಕಡೆ ತಿರುಗಿಯೂ ನೋಡುವುದಿಲ್ಲ. ಬೀನ್ಸ್ ತಿನ್ನುತ್ತಾನೆ. ಡೈರಿಯಲ್ಲಿ ಈಗ ಕುಂಬಳಕಾಯಿಯ ಏಳನೇ ದಿನ. ಡೈರಿ ಬರೆಯುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ. ಇವತ್ತಿನ ಸಾಲು ಅವಳ ಕೈಬರಹದಲ್ಲಿ ಹೀಗಿದೆ: "ಬೆರಳಲ್ಲಿ ಒತ್ತಿ ನೊಡಿದ. ಅಂಚಿಗೆ ತಳ್ಳಿದ. ಕೈ ತೊಳೆಯಲು ಹೊದ."